ಒಡೆಯರು, ಒಡೆದವರು

ಮನೆ, ಅಡುಗೆಮನೆಯ ಮೇಜು
ಗುರುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಹಡಗಿನ ಇಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಬೋಲ್ಟು ಬಿಗಿಯುವಾಗ ಕಟ್ಟಿಕೊಳ್ಳಲಿ ಅಂತ ಸೊಂಟದ ಪಟ್ಟಿಯನ್ನು ಪೆಟ್ಟಿಗೆಯ ಮೇಲ್ಗಡೆಯೇ ಇಟ್ಟು ಕಳಿಸಿದ್ದೆ. ಅದು ಇನ್ನೂ ಪ್ಯಾಕೆಟ್ ಬಿಚ್ಚದೆ ಹಾಗೇ ಇದೆ ಅಂತ ನನಗೆ ಇಲ್ಲಿಂದಲೇ ಗೊತ್ತು. ಊಟ ಸೇರುತ್ತಿದೆಯಾ? ರಾತ್ರಿ ಪಾಳಿ ಮುಗೀತಾ? ನಾನಂತೂ ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಅಂದರೆ, ನಿನ್ನೆ ಸಂಜೆಯಿಂದ ಒಬ್ಬಳೇ ಕೂತು ನಗುತ್ತಿದ್ದೇನೆ, ಪಕ್ಕದ ಮನೆಯಾಕೆ ಎರಡು ಸಲ ಕಿಟಕಿಯಲ್ಲಿ ಇಣುಕಿ ಹೋದಳು. ಫೋನ್ ಮಾಡದೆ ಕಾಗದ ಯಾಕೆ ಅಂತೀರಾ? ಫೋನಿನಲ್ಲಾದರೆ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು "ಹೋಗ್ಲಿ ಬಿಡೇ" ಅಂತೀರಿ. ಹದಿನಾರು ವರ್ಷದಿಂದ ಹೋಗ್ಲಿ ಅಂದದ್ದೆಲ್ಲ ಹೋಗಿದೆ, ಬಿಡು ಅಂದದ್ದೆಲ್ಲ ಬಿಟ್ಟಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕೋಕೆ ನಿಮಗಾಗಲ್ಲ, ತೆಪ್ಪಗೆ ಕೊನೇತನಕ ಓದಬೇಕು. ಕಂಪನಿ ಆಫೀಸಿಗೆ ಕೊಟ್ಟರೆ ಮುಂದಿನ ಬಂದರಿನಲ್ಲಿ ನಿಮ್ಮ ಕೈಗೇ ಕೊಡುತ್ತಾರಂತೆ, ವಿಚಾರಿಸಿಕೊಂಡು ಬಂದಿದ್ದೇನೆ.

ವಿಷಯ ಗಾಡಿಯದು. ಒಂದು ಕಡೆಯ ಕಥೆ ನಿಮಗೆ ಆಗಲೇ ಮುಟ್ಟಿದೆ, ಇದು ಇನ್ನೊಂದು ಕಡೆಯದು. ಕಳೆದ ಭಾನುವಾರ ಬೆಳಿಗ್ಗೆ ನಿಮ್ಮ ಅಣ್ಣ ಬಂದರು. ಭಾವ ನಮ್ಮ ಮೆಟ್ಟಿಲು ಹತ್ತಿದರೆ ಅದು ನನ್ನನ್ನು ನೋಡೋಕಲ್ಲ ಅಂತ ನನಗೆ ಗೊತ್ತಿಲ್ಲವೇ? "ನಮ್ಮ ಗಾಡಿ ಸ್ವಲ್ಪ ಬೇಕಿತ್ತಮ್ಮ" ಅಂದರು. ನಮ್ಮ ಗಾಡಿಯಂತೆ! ನೀವು ಮೊದಲ ಸಲ ಹಡಗು ಹತ್ತಿ ದುಡಿದು ತಂದದ್ದಕ್ಕೆ ನನ್ನ ಹೊಲಿಗೆ ಮಿಷಿನ್ ಮಾರಿದ ದುಡ್ಡು ಸೇರಿಸಿ ತಗೊಂಡ ಗಾಡಿ ಅದು. ಅದರ ಟೈರಿಗೆ ಒಂದು ಸಲ ಗಾಳಿ ಹಾಕಿಸಿದ ಪುಣ್ಯವೂ ಅವರಿಗಿಲ್ಲ. ಆದರೂ ಅವರ ಆಫೀಸಿನಲ್ಲಿ ಅದಕ್ಕೆ ಹೆಡ್ ಕ್ಲರ್ಕ್ ಸಾಹೇಬರ ಕಾರು ಅಂತಲೇ ಹೆಸರು, ಅಲ್ಲಿನ ಜವಾನ ಒಂದು ದಿನ ನನ್ನನ್ನು ತಡೆದು "ಸಾಹೇಬರ ಗಾಡಿ ನಿಮ್ಮ ಕೈಗೆ ಹೇಗೆ ಬಂತು" ಅಂತ ಕೇಳಿದ್ದ. ಇರಲಿ. ಭಾವನಿಗೆ ಮನೆಯ ಹಾಲ್‌ನ ಕಿಟಕಿಗೆ ಹೊಸ ಕರ್ಟನ್ ರಾಡು ತರಬೇಕಿತ್ತು, ಮನೆಗೆ ತಂದುಕೊಡೋಕೆ ಅಂಗಡಿಯವನು ಬೇರೆ ದುಡ್ಡು ಕೇಳಿದನಂತೆ. ಕೀ ಕೊಟ್ಟೆ. ಸಂಜೆ ಗಾಡಿ ವಾಪಸ್ ಬಂತು. ಯಾವಾಗಲೂ ಗೇಟಿನ ಕಡೆ ಮುಖ ಮಾಡಿ ನಿಲ್ಲಿಸುವವರು ಅವತ್ತು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದಾರೆ. ಮೇಲೆ ಕವರ್ ಹೊದಿಸಿ ದಾರ ಕೂಡ ಕಟ್ಟಿದ್ದಾರೆ. ಕೀಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು, ಹೊರಗಿನಿಂದಲೇ "ಬರ್ತೀನಮ್ಮ" ಅಂತ ಕೂಗಿ ಹೋದರು. ಕಾಫಿ ಕುಡಿಯದೆ ಭಾವ ಹೋದ ದಿನವನ್ನು ನೀವು ನೋಡಿದ್ದೀರಾ? ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸೋಮವಾರ ಬೆಳಿಗ್ಗೆ ಟೀಚರಮ್ಮನನ್ನು ಕರೆದುಕೊಂಡು ಹೋಗಬೇಕು. ನೀವು ಹೋದಮೇಲೆ ಸಿಕ್ಕ ಗಿರಾಕಿ ಅವರು, ವ್ಯಾಕರಣ ಪಾಠ ಮಾಡಿ ನಿವೃತ್ತರಾದವರು. ಮಂಡಿ ಆಪರೇಷನ್ ಆಗಿ ವಾರಕ್ಕೆ ಮೂರು ದಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ. ಅವರಲ್ಲದೆ ಇನ್ನೂ ಮೂರು ಜನ ವಯಸ್ಸಾದವರು ಖಾಯಂ ಇದ್ದಾರೆ. ಅವರನ್ನು ಕೈಹಿಡಿದು ಇಳಿಸಿ, ಚೀಟಿ ಮಾಡಿಸಿ, ಕಾದು, ಮತ್ತೆ ಮನೆಗೆ ಬಿಡೋದು ನನ್ನ ಕೆಲಸ. ನೀವು ಇದನ್ನು ಹೊತ್ತು ಕಳೆಯೋಕೆ ಅಂತ ತಿಳಿದಿದ್ದೀರಿ. ಈ ನಾಲ್ಕು ತಿಂಗಳ ಮನೆ ಬಾಡಿಗೆ ಅದರಲ್ಲೇ ಹೋಗಿದೆ ರೀ, ನೀವು ಕಳಿಸಿದ್ದನ್ನು ನಾನು ಮುಟ್ಟಿಲ್ಲ. ಕವರ್ ತೆಗೆದೆ. ಮುಂದಿನ ಗಾಜು ಒಡೆದಿದೆ. ನಡುವಿನ ಕನ್ನಡಿಯ ಪಕ್ಕದಲ್ಲಿ ಕಾಸಿನಗಲದ ಗುರುತು, ಅಲ್ಲಿಂದ ಡ್ರೈವರ್ ಸೀಟಿನ ಕಡೆಗೆ ಮೊಳದುದ್ದ ಬಿರುಕು. ಟೀಚರಮ್ಮನಿಗೆ ಬಾಡಿಗೆ ಕಾರು ಮಾಡಿ ಕಳಿಸಿ ಭಾವನಿಗೆ ಫೋನ್ ಮಾಡಿದೆ. "ಓ, ಅದಾ? ಅದು ಮೊದಲೇ ಇತ್ತಲ್ಲಮ್ಮ, ನೀನು ನೋಡಿಲ್ವಾ?" ಅಂದರು. ಶನಿವಾರ ಸಂಜೆ ನಾನೇ ಕೂತು ಒಳಗೂ ಹೊರಗೂ ಒರೆಸಿದ ಗಾಜು!

ಮಧ್ಯಾಹ್ನದ ಹೊತ್ತಿಗೆ ಕಥೆಗೆ ಕೈಕಾಲು ಬಂದಿತ್ತು. ನಿಮ್ಮ ಸೋದರತ್ತೆ ಫೋನ್ ಮಾಡಿ, "ಲಾರಿ ಹಿಂದೆ ಅಷ್ಟು ಜೋರಾಗಿ ಯಾಕೆ ಓಡಿಸೋಕೆ ಹೋದೆ, ಕಲ್ಲು ಸಿಡಿಯದೆ ಇನ್ನೇನಾಗುತ್ತೆ" ಅಂತ ಬುದ್ಧಿ ಹೇಳಿದರು. ಆಮೇಲೆ ನಿಮ್ಮ ಚಿಕ್ಕಮ್ಮ, ಆಮೇಲೆ ಚಿಕ್ಕಮ್ಮನ ಮಗಳು. ಸಂಜೆ ಒಳಗೆ ಐದು ಮನೆಯಲ್ಲಿ ನಾನು ಗಾಡಿ ಓಡಿಸೋಕೆ ಬಾರದವಳಾಗಿದ್ದೆ. ಮಂಗಳವಾರ ಬೆಳಗಾದರೆ ನಿಮ್ಮ ಧ್ವನಿ ಸಂದೇಶ. "ಅಣ್ಣ ಎಲ್ಲಾ ಹೇಳಿದ. ಹೋಗ್ಲಿ ಬಿಡು. ಗಾಜು ಪೂರ್ತಿ ಹಾಳಾಗಿದೆಯಾ? ಇನ್ಶೂರೆನ್ಸ್‌ಗೆ ಅವನು ಹೇಳಿದ ಹಾಗೆ ಬರೆದುಕೊಡು. ನಾನು ಬರೋವರೆಗೂ ಕೀ ಅವನ ಹತ್ರಾನೇ ಇರಲಿ." ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ನೀವು ಆ ಜಾತಿ. ನಾನು ಅದನ್ನು ಎಂಟು ಸಲ ಕೇಳಿದೆ.

ಅದರ ಹಿಂದೆಯೇ ಭಾವ ಬಂದರು, ಇನ್ಶೂರೆನ್ಸ್ ಫಾರಂ ಹಿಡಿದುಕೊಂಡು. ಎಲ್ಲಾ ಅವರೇ ಬರೆದಿದ್ದಾರೆ, ಆ ಗುಂಡು ಗುಂಡಾದ ಅಕ್ಷರದಲ್ಲಿ. ಸೋಮವಾರ ಬೆಳಿಗ್ಗೆ ನಾನು ಗಾಡಿ ಓಡಿಸುತ್ತಿದ್ದಾಗ ಮುಂದಿನ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಗಾಜು ಒಡೆಯಿತು ಅಂತ. ಕೆಳಗೆ ನಾನು ಒಂದು ಸಹಿ ಹಾಕಿಬಿಟ್ಟರೆ ಸಾಕಂತೆ, ಕೀಯನ್ನೂ ಹಾಗೇ ಕೈಗೆ ಕೊಟ್ಟುಬಿಟ್ಟರೆ ಆಯಿತಂತೆ. ರೀ, ನಾನೂ ಲೆಕ್ಕ ಬಲ್ಲವಳೇ. ನಾಲ್ಕು ವರ್ಷ ಒಂದು ಕ್ಲೇಮೂ ಮಾಡಿಲ್ಲ ಅಂತ ಕಂತಿನಲ್ಲಿ ರಿಯಾಯಿತಿ ಸಿಗುತ್ತಿದೆ. ಕ್ಲೇಮು ಮಾಡಿದರೆ ಅದು ಹೋಯಿತು, ಮೇಲೆ ನಮ್ಮ ಪಾಲಿನದ್ದು ಬೇರೆ ಕಟ್ಟಬೇಕು, ಅವರ ಕಡೆಯವನು ಬಂದು ನೋಡೋವರೆಗೂ ಗಾಡಿ ನಿಲ್ಲಬೇಕು. ಅದೆಲ್ಲ ಸಹಿಸಿಕೊಂಡೇನು. ಆದರೆ ನಾನು ಒಡೆಯದ ಗಾಜನ್ನು ಒಡೆದೆ ಅಂತ ನನ್ನ ಕೈಯಲ್ಲೇ ಬರೆಸಿಕೊಂಡು, ಅದನ್ನೇ ತೋರಿಸಿ ನನ್ನ ಗಾಡಿಯನ್ನು ಹೊಡೆದುಕೊಂಡು ಹೋಗುವ ಉಪಾಯ ಇದೆಯಲ್ಲ, ಅಬ್ಬಬ್ಬಾ! ಕೀ ಹೋದರೆ ನನ್ನ ನಾಲ್ಕು ಗಿರಾಕಿಗಳು ಹೋದರು, ನನ್ನ ಕೆಲಸ ಹೋಯಿತು, ನಿಮ್ಮ ಹಣಕ್ಕೆ ಕೈಚಾಚಿಕೊಂಡು ಮನೇಲಿ ಕೂರಬೇಕು. ನಾನು ತಲೆ ತಗ್ಗಿಸಿ, "ನಾಳೆ ಸಹಿ ಮಾಡ್ತೀನಿ ಭಾವ, ಫಾರಂ ಇಲ್ಲೇ ಇರಲಿ" ಅಂದೆ. ಅವರು ಫಾರಂ ಬಿಟ್ಟು ಹೋದರು. ಅದೇ ಅವರು ಮಾಡಿದ ಮೊದಲ ತಪ್ಪು.

ಅವರು ಹೋದಮೇಲೆ ಗಾಡಿಯೊಳಗೆ ಟಾರ್ಚ್ ಹಾಕಿ ಇಂಚಿಂಚೂ ಹುಡುಕಿದೆ. ಮುಂದಿನ ಸೀಟಿನ ಕೆಳಗೆ ಸಿಕ್ಕಿತು, ನಿಂಬೆಹಣ್ಣಿನ ಗಾತ್ರದ ಹಿತ್ತಾಳೆ ಬಣ್ಣದ ಗುಂಡು. ಕರ್ಟನ್ ರಾಡಿನ ತುದಿಗೆ ಹಾಕುತ್ತಾರಲ್ಲ, ಅದು. ಸಂಜೆ ವಾರಗಿತ್ತಿಯನ್ನು ಮಾತಾಡಿಸುವ ನೆಪದಲ್ಲಿ ಅವರ ಮನೆಗೆ ಹೋದೆ. ಹಾಲ್‌ನಲ್ಲಿ ಹೊಸ ರಾಡು ಮಿರಮಿರ ಮಿಂಚುತ್ತಿದೆ, ಎಡಗಡೆ ಗುಂಡಿದೆ, ಬಲಗಡೆ ಬೋಳು. "ಅಂಗಡಿಯವನು ಒಂದೇ ಕೊಟ್ಟನಂತೆ ನೋಡು, ಕಳ್ಳ" ಅಂತ ಅಕ್ಕ ಪಾಪ ಅಂಗಡಿಯವನನ್ನು ಬೈದಳು. ನಾನು ಕಾಫಿ ಕುಡಿದು, ರಾಡು ಚೆನ್ನಾಗಿದೆ ಅಂತ ಹೊಗಳಿ ಬಂದೆ. ದಾರಿಯುದ್ದಕ್ಕೂ ಬ್ಯಾಗಿನೊಳಗೆ ಕೈಯಿಟ್ಟು ಆ ಗುಂಡನ್ನು ಹಿಡಿದುಕೊಂಡೇ ನಡೆದೆ. ನನಗೆ ಬೇಕಾದ್ದು ನ್ಯಾಯ ಅಂತ ದೊಡ್ಡ ಮಾತು ಆಡೋದಿಲ್ಲ ರೀ. ಸೇಡು ಬೇಕಿತ್ತು. ನಾಲ್ಕು ಜನರ ಎದುರಿಗೆ ಬೇಕಿತ್ತು.

ಗಾಜಿನ ಅಂಗಡಿಯ ಯಜಮಾನ ಒಬ್ಬ ವಿಚಿತ್ರ ಮನುಷ್ಯ. ಬೆಲೆ ವಿಚಾರಿಸೋಕೆ ಸೋಮವಾರವೇ ಹೋಗಿದ್ದೆ, ಆಗ ಅವನ ರಸೀದಿ ಪುಸ್ತಕ ನೋಡಿದೆ. ಬೇರೆ ಅಂಗಡಿಯಲ್ಲಿ ಗಾಡಿ ಯಾರದು ಅಂತ ಒಂದೇ ಸಾಲು ಇರುತ್ತೆ. ಇವನ ಪುಸ್ತಕದಲ್ಲಿ ಎರಡು ಸಾಲು ಅಚ್ಚು ಹಾಕಿಸಿದ್ದಾನೆ. ಮೇಲೆ "ಒಡೆಯರು", ಕೆಳಗೆ "ಒಡೆದವರು". ಅದರ ಕೆಳಗೆ ಸಣ್ಣಕ್ಷರದಲ್ಲಿ, ಹಣ ಕೊಡತಕ್ಕವರು ಎರಡನೇ ಸಾಲಿನವರು ಅಂತ. ಯಾಕಪ್ಪಾ ಹೀಗೆ ಅಂದರೆ, "ಗಾಡಿ ಒಬ್ಬರದು, ಒಡೆಯೋರು ಇನ್ನೊಬ್ಬರು, ಜಗಳ ಮಾತ್ರ ನನ್ನ ಅಂಗಡೀಲಿ. ಭಾವಮೈದುನರು ಹೊಡೆದಾಡಿ ನನ್ನ ಎರಡು ಹೊಸ ಗಾಜು ಪುಡಿ ಮಾಡಿದಮೇಲೆ ಈ ಪುಸ್ತಕ ಮಾಡಿಸಿದೆ ಅಮ್ಮಾ" ಅಂದ. ಆವತ್ತು ಕೇಳಿ ಸುಮ್ಮನೆ ಬಂದಿದ್ದೆ. ಮಂಗಳವಾರ ರಾಡು ನೋಡಿಬಂದಮೇಲೆ ಆ ಎರಡು ಸಾಲು ನೆನಪಾಗಿ ಭಾವನಿಗೆ ಫೋನ್ ಮಾಡಿದೆ. ದನಿಯನ್ನು ಬೆಣ್ಣೆ ಮಾಡಿಕೊಂಡು, "ಭಾವ, ಗಾಜಿನವನು ಹೆಂಗಸು ಅಂತ ನನಗೆ ಬಾಯಿಗೆ ಬಂದ ರೇಟು ಹೇಳ್ತಾನೆ. ಇನ್ಶೂರೆನ್ಸ್ ವಿಚಾರ ಆಮೇಲೆ ನೋಡೋಣ, ಮೊದಲು ನೀವು ಬಂದು ನಿಂತು ಮಾತಾಡಬೇಕು. ನಿಮ್ಮನ್ನು ಬಿಟ್ಟರೆ ನನಗೆ ಇಲ್ಲಿ ಯಾರಿದ್ದಾರೆ" ಅಂದೆ. ಹೊಗಳಿಕೆ ಅಂದರೆ ನಿಮ್ಮ ಅಣ್ಣ ಕುದಿಯುವ ನೀರಿಗೂ ಇಳಿದಾರು, ನಿಮಗೆ ಗೊತ್ತಲ್ಲ.

ನಿನ್ನೆ ಹನ್ನೊಂದಕ್ಕೆ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕನ್ನಡಕ ಮಾತ್ರ ಇಲ್ಲ. ಹಾಕಿಕೊಂಡರೆ ವಯಸ್ಸಾದವರ ಹಾಗೆ ಕಾಣುತ್ತಾರಂತೆ. ನಾನು ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಮೊದಲೇ ಹೋಗಿದ್ದೆ. ಟೀಚರಮ್ಮನೂ ವ್ಯಾಯಾಮ ಮುಗಿಸಿ ಬಾಡಿಗೆ ಕಾರಿನಲ್ಲಿ ಅಲ್ಲಿಗೇ ಬಂದಿದ್ದರು, ವಿಷಯ ಕೇಳಿದಮೇಲೆ ಅವರು ಮನೆಗೆ ಹೋಗೋಕೇ ಒಪ್ಪಲಿಲ್ಲ. ಕೋಲು ಮಂಡಿಗೆ ಒರಗಿಸಿಕೊಂಡು ಕೌಂಟರಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲನೇ ಸಾಲಿನಲ್ಲಿ ನಿಮ್ಮ ಹೆಸರು ಬರೆಸಿಯಾಗಿತ್ತು. ಭಾವ ಬಂದವರೇ ಗಾಡಿಯ ಬಾನೆಟ್ಟಿನ ಮೇಲೆ ಕೈ ಹೊಡೆದು, "ನಮ್ಮದೇ ಗಾಡಿ. ಒಳ್ಳೇ ಗಾಜು ಹಾಕಯ್ಯಾ, ರೇಟು ನೋಡಿ ಹೇಳು, ನಾನು ಇಂಥ ಆಫೀಸಿನ ಹೆಡ್ ಕ್ಲರ್ಕು" ಅಂತ ಶುರು ಮಾಡಿದರು. ಐದೇ ನಿಮಿಷದಲ್ಲಿ ಚೌಕಾಸಿ ಮಾಡಿ ಬೆಲೆ ಇಳಿಸಿದರು, ಆ ಉಪಕಾರಕ್ಕೆ ನಾನು ಋಣಿ. ಯಜಮಾನ ಪುಸ್ತಕ ತಿರುಗಿಸಿ ಎರಡನೇ ಸಾಲಿನ ಮೇಲೆ ಬೆರಳಿಟ್ಟು, "ಓದಿ ನೋಡಿ ಸಹಿ ಹಾಕಿ ಸಾರ್" ಅಂದ. ಭಾವ ಪುಸ್ತಕವನ್ನು ಕೈ ಚಾಚುವಷ್ಟು ದೂರ ಹಿಡಿದರು, ಕಣ್ಣು ಕಿರಿದು ಮಾಡಿದರು, "ಒಡೆ..." ಅಂತ ಅಷ್ಟು ಓದಿದರು. "ಒಡೆಯರು ತಾನೇ? ತಮ್ಮ ಹಡಗಿನಲ್ಲಿದ್ದಾನೆ, ಇಲ್ಲಿ ನಾನೇ ಅಂದುಕೊಳ್ಳಿ." ಟೀಚರಮ್ಮ ಕೂತಲ್ಲಿಂದಲೇ, "ಪದ ಪೂರ್ತಿ ಓದಿ ಸಾರ್, ಅರ್ಧ ಓದಿದರೆ ಅರ್ಥ ಕೆಡುತ್ತೆ" ಅಂದರು. ಸಾಯಲಿ, ಎರಡು ಸಲ ಎಚ್ಚರಿಕೆ ಕೊಟ್ಟ ಹಾಗಾಯಿತಲ್ಲ! "ಮೂವತ್ತು ವರ್ಷ ಫೈಲು ನೋಡಿದ ಕಣ್ಣಮ್ಮ ಇದು" ಅಂತ ಭಾವ ಒಡೆದವರು ಅನ್ನೋದರ ಎದುರಿಗೆ ಪೂರ್ತಿ ಹೆಸರು, ಹುದ್ದೆ, ತಾರೀಖು ಹಾಕಿ, ಕೆಳಗೆ ಎರಡು ಗೀಟು ಎಳೆದು ಸಹಿ ಮಾಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ, ನಕ್ಕುಬಿಟ್ಟರೆ ಕಷ್ಟ ಅಂತ.

ಇಬ್ಬರು ಸೇರಿ ತಂತಿ ಹಾಕಿ ಹಳೇ ಗಾಜಿನ ಅಂಟು ಕೊಯ್ದು ಎತ್ತಿ ಮೇಜಿನ ಮೇಲಿಟ್ಟರು, ಹೊಸದನ್ನು ಕೂರಿಸಿದರು. ಬಿಲ್ಲು ಬರೆದು ಯಜಮಾನ ಭಾವನ ಕೈಗೆ ಕೊಟ್ಟ. "ನನಗ್ಯಾಕೆ?" ಅಂದರು. ಅವನು ಪುಸ್ತಕ ತೋರಿಸಿದ. ಕನ್ನಡಕವಿಲ್ಲದೆ ಭಾವನಿಗೆ ಅಕ್ಷರ ಕಾಣಲಿಲ್ಲ. ಟೀಚರಮ್ಮ ಎದ್ದು ನಿಂತು ಪಾಠ ಮಾಡುವ ದನಿಯಲ್ಲಿ ಎರಡೂ ಸಾಲು, ಸಣ್ಣಕ್ಷರ ಎಲ್ಲಾ ಓದಿ ಹೇಳಿದರು. ಅಂಗಡಿಯಲ್ಲಿ ಇನ್ನೂ ಐದಾರು ಜನ ಗಿರಾಕಿಗಳಿದ್ದರು ರೀ. ಭಾವ ಕೆಂಪಗಾಗಿ, "ಲಾರಿ ಕಲ್ಲು ಸಿಡಿದಿದ್ದಕ್ಕೆ ನಾನು ಒಡೆದವನಾ? ಯಾವ ರಾಡೂ ಇಲ್ಲ, ಏನೂ ಇಲ್ಲ!" ಅಂದರು. ರಾಡಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಯಜಮಾನ ಅವರ ಕೈ ಹಿಡಿದು ಹಳೇ ಗಾಜಿನ ಹೊರಮೈ ಮೇಲೆ ಉಗುರು ಆಡಿಸಿದ, ನುಣ್ಣಗಿದೆ. ಒಳಮೈ ಮೇಲೆ ಆಡಿಸಿದ, ಉಗುರು ಗುಳಿಗೆ ಸಿಕ್ಕಿಕೊಂಡಿತು. "ಕಲ್ಲು ಹೊರಗಿಂದ ಬರುತ್ತೆ ಸಾರ್, ಇದು ಒಳಗಿಂದ ಬಿದ್ದ ಏಟು. ಉದ್ದದ್ದೇನೋ ಹಿಂದಿನಿಂದ ಮುಂದಕ್ಕೆ ಇಟ್ಟುಕೊಂಡು ಬ್ರೇಕ್ ಹಾಕಿದ್ದೀರಿ" ಅಂದ. ನಾನು ಬ್ಯಾಗಿನಿಂದ ಗುಂಡು ತೆಗೆದು ಗಾಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಅವರ ಅಕ್ಷರದ ಇನ್ಶೂರೆನ್ಸ್ ಫಾರಂ ಇಟ್ಟೆ. "ಗುಂಡು ನಿಮ್ಮದು, ಅಕ್ಷರ ನಿಮ್ಮದು ಭಾವ. ಎರಡನ್ನೂ ಇನ್ಶೂರೆನ್ಸ್ ಆಫೀಸಿಗೆ ಕೊಡಲಾ, ಇಲ್ಲ ಬಿಲ್ಲು ಕೊಡ್ತೀರಾ?" ಅಷ್ಟೇ ಕೇಳಿದ್ದು, ದನಿ ಕೂಡ ಏರಿಸಲಿಲ್ಲ.

ಕೊಟ್ಟರು. ಹಿಂದಿನ ಜೇಬಿಂದ ಸ್ವಲ್ಪ, ಅಂಗಿಯ ಒಳಜೇಬಿಂದ ಸ್ವಲ್ಪ, ಸಾಲದ್ದಕ್ಕೆ ಎದುರಿನ ಎಟಿಎಂ ಮಿಷಿನ್ನಿಗೆ ಓಡಿ ತಂದು ಸ್ವಲ್ಪ. ಇನ್ಶೂರೆನ್ಸ್‌ಗೆ ಒಂದು ಅಕ್ಷರ ಬರೆಯದೆ ಗಾಜು ಬಂತು, ನಮ್ಮ ರಿಯಾಯಿತಿ ಇದ್ದಲ್ಲೇ ಇದೆ. ಹೋಗುವಾಗ ಭಾನುವಾರ ಗಾಡಿಯಲ್ಲೇ ಬಿಟ್ಟಿದ್ದ ತಮ್ಮ ಛತ್ರಿ ತೆಗೆದುಕೊಂಡು ಸಿಟ್ಟಿನಲ್ಲಿ ಬಾಗಿಲು ದಬ್ಬಲು ಕೈ ಎತ್ತಿದರು, "ಮೆಲ್ಲಗೆ ಸಾರ್, ಅಂಟು ಹಸಿ ಇದೆ, ಒಡೆದರೆ ಇನ್ನೊಂದು ಸಹಿ ಹಾಕಬೇಕಾಗುತ್ತೆ" ಅಂತ ಯಜಮಾನ ಕೂಗಿದ. ಬಾಗಿಲನ್ನು ಎರಡು ಕೈಯಲ್ಲಿ ಮಗುವಿನ ಹಾಗೆ ಒತ್ತಿ ಮುಚ್ಚಿ ಹೋದರು. ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟಕ್ಕೇ ಬಿಟ್ಟೆ ಅಂದುಕೊಂಡಿರಾ? ರಸೀದಿಯ ಹಳದಿ ಪ್ರತಿಯನ್ನು ಆರು ಜೆರಾಕ್ಸ್ ಮಾಡಿಸಿದೆ. ಸೋದರತ್ತೆಗೆ, ಚಿಕ್ಕಮ್ಮನಿಗೆ, ಚಿಕ್ಕಮ್ಮನ ಮಗಳಿಗೆ, ಉಳಿದ ಎರಡು ಮನೆಗೆ, ಒಂದೊಂದು. ಬಾಯಲ್ಲಿ ಒಂದು ಮಾತೂ ಹೇಳಲಿಲ್ಲ, ಎರಡನೇ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ಕೊಟ್ಟು ಬಂದೆ. ಆರನೆಯದು ಈ ಕಾಗದದ ಜೊತೆಯಲ್ಲಿದೆ. ಗುಂಡನ್ನು ವಾರಗಿತ್ತಿಗೇ ಕೊಟ್ಟೆ, ಅವಳದ್ದೇನು ತಪ್ಪು? "ಅಂಗಡಿಯವನನ್ನು ಸುಮ್ಮನೆ ಬೈದೆನಲ್ಲೇ" ಅಂತ ಪೇಚಾಡಿಕೊಂಡಳು, ಆಮೇಲೆ ಒಳಗೆ ಹೋಗಿ ಭಾವನನ್ನು ಬೈದಳು. ನಾನು ಗೇಟಿನ ಹತ್ತಿರ ನಿಂತು ಪೂರ್ತಿ ಕೇಳಿಸಿಕೊಂಡೇ ಬಂದೆ.

ನಾಳೆಯಿಂದ ಟೀಚರಮ್ಮ ಮತ್ತೆ ನನ್ನ ಗಾಡಿಯಲ್ಲೇ. ಹೊಸ ಗಾಜಿನಲ್ಲಿ ರಸ್ತೆ ಎಷ್ಟು ಚೆನ್ನಾಗಿ ಕಾಣುತ್ತೆ ಅಂತೀರಿ! ನೀವು ಆರೋಗ್ಯ ನೋಡಿಕೊಳ್ಳಿ, ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ, ಜೊತೆಯಲ್ಲಿ ಕೆಲಸ ಮಾಡುವವರನ್ನೆಲ್ಲ ಕೇಳಿದೆ ಅಂತ ಹೇಳಿ. ಸಮುದ್ರ ನಿಮ್ಮನ್ನು ಹುಷಾರಾಗಿ ದಡ ಮುಟ್ಟಿಸಲಿ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಕಂಪನಿ ಆಫೀಸು ನಾಲ್ಕಕ್ಕೆ ಮುಚ್ಚುತ್ತೆ, ಬೇಗ ಬರೆಯುತ್ತಿದ್ದೇನೆ. ಇದರೊಳಗೆ ಇನ್ನೊಂದು ಫಾರಂ ಇದೆ, ಗಾಡಿಯನ್ನು ನನ್ನ ಹೆಸರಿಗೆ ಮಾಡುವುದು. ಪೆನ್ಸಿಲ್ ಗುರುತು ಇರುವ ಮೂರು ಕಡೆ ಸಹಿ ಹಾಕಿ ಮುಂದಿನ ಬಂದರಿನಿಂದಲೇ ಕಳಿಸಿ. ಅದು ಬಂದು ಕೈಸೇರುವ ತನಕ ನಿಮ್ಮ ಫೋನು ಎತ್ತೋದಿಲ್ಲ. ಅಣ್ಣನ ಮೇಲಿನ ಸಿಟ್ಟನ್ನು ನನ್ನ ಮೇಲೆ ಯಾಕೆ ತೀರಿಸ್ತೀಯ ಅನ್ನಬೇಡಿ. ಭಾವನ ಲೆಕ್ಕ ನಿನ್ನೆಯೇ ಚುಕ್ತಾ ಆಯಿತು, ಇದು ನಿಮ್ಮದು. ಅವರು ಹೇಳಿದ ಸುಳ್ಳನ್ನು ನೀವು ನಂಬಿದಿರಿ. ಸರಿ, ಅಣ್ಣ, ನಂಬಿದಿರಿ. ಆದರೆ ಆ ಸುಳ್ಳಿನಲ್ಲಿ ಲಾರಿ ಹಿಂದೆ ಗಾಡಿ ಓಡಿಸುತ್ತಿದ್ದವಳು ನಾನು ರೀ, ಗಾಜು ಒಡೆದದ್ದು ನನ್ನ ಮುಖದ ಮುಂದೆ. ನೀವು ಗಾಜು ಕೇಳಿದಿರಿ, ಇನ್ಶೂರೆನ್ಸ್ ಹೇಳಿದಿರಿ, ಕೀ ಕೊಡು ಅಂದಿರಿ. ನಿನಗೇನಾದರೂ ಏಟಾಯ್ತಾ ಅಂತ ಕೇಳಲಿಲ್ಲ.